ಸ್ಪಷ್ಟನೆ: ಪೆನ್‌ಡ್ರೈವ್ ಚುಚ್ಚಿದ ಕೂಡಲೇ ವಿಂಡೋಸ್ ಅಳಿಸಿಹೋಗುವುದಿಲ್ಲ

"ಲಿನಕ್ಸ್ ಇನ್‌ಸ್ಟಾಲ್ ಶಿಬಿರಕ್ಕೆ ಲ್ಯಾಪ್‌ಟಾಪ್ ಒಯ್ಯಬೇಡಿ, ಅವರ ಪೆನ್‌ಡ್ರೈವ್ ಹಾಕಿದ ತಕ್ಷಣ ನಿಮ್ಮ ಫೈಲ್‌ಗಳೆಲ್ಲ ಹೋಗುತ್ತವೆ" ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಲಿನಕ್ಸ್ ಅಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಂ.

ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದ ಲಿನಕ್ಸ್ ಬಗೆಗಳನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಆಗ ಅದು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಲ್ಲಿ ಓಡುತ್ತದೆ. ನೀವಾಗಿ ಇನ್‌ಸ್ಟಾಲ್ ಒತ್ತಿ, ಡಿಸ್ಕ್ ಆರಿಸಿ, ಒಪ್ಪಿಗೆ ಕೊಡುವವರೆಗೆ ಒಳಗಿನ ಡಿಸ್ಕ್‌ಗೆ ಇನ್‌ಸ್ಟಾಲರ್ ಏನೂ ಬರೆಯುವುದಿಲ್ಲ. ಸುಮ್ನೆ ನೋಡಿ, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಹಳೆಯ ವಿಂಡೋಸೇ ಬರುತ್ತದೆ.

ಗೊಂದಲ ಎಲ್ಲಿಂದ ಬಂತೋ! ಲಿನಕ್ಸ್ ತುಂಬಿಸುವಾಗ ಆ ಪೆನ್‌ಡ್ರೈವ್‌ನಲ್ಲಿದ್ದ ಹಳೆಯದು ಸಾಮಾನ್ಯವಾಗಿ ಅಳಿಸಿಹೋಗುತ್ತದೆ, ಅದು ನಿಜ. ಇನ್‌ಸ್ಟಾಲ್ ಮಾಡುವಾಗ 'ಇಡೀ ಡಿಸ್ಕ್ ಅಳಿಸು' ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿದರೆ ಮಾತ್ರ ಎಲ್ಲ ಹೋಯಿತು ಅಂತಲೇ ಅರ್ಥ.

ನನ್ನದೂ ಒಂದು ತಪ್ಪಿದೆ. ವಿಂಡೋಸ್ ಜೊತೆಗೇ ಲಿನಕ್ಸ್ ಇಟ್ಟುಕೊಳ್ಳುವವರಿಗೆ ಬ್ಯಾಕಪ್ ಬೇಡ ಎಂದು ಹಿಂದೆ ಹೇಳಿದ್ದೆ. ಬೇಕು. ಲಿನಕ್ಸ್‌ಗೆ ಜಾಗ ಮಾಡಲು ವಿಂಡೋಸ್ ಇರುವ ಪಾರ್ಟಿಶನ್ (ಡಿಸ್ಕ್‌ನ ಭಾಗ) ಕುಗ್ಗಿಸುವಾಗ ಕರೆಂಟ್ ಹೋದರೂ ಸಾಕು, ಫೈಲ್ ಕೆಡಬಹುದು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರುವ ಯಂತ್ರವಾದರೆ 48 ಅಂಕಿಗಳ ರಿಕವರಿ ಕೀಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ (ಕಂಪ್ಯೂಟರ್ ಹೇಗೆ ಶುರುವಾಗಬೇಕೆಂಬ ಸೆಟ್ಟಿಂಗ್) ಬದಲಾದಾಗ ವಿಂಡೋಸ್ ಅದನ್ನು ಕೇಳುವುದುಂಟು. ಶಿಬಿರದ ಸ್ವಯಂಸೇವಕರ ಹತ್ತಿರ ಅದು ಇರುವುದಿಲ್ಲ ಅಲ್ವಾ?

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ನನ್ನ ಹಳೆಯ ಮಾತನ್ನೂ ಅಷ್ಟೇ.