ಒಣಗದ ಸೂರ್ಯಾಸ್ತ

ಹೋದ ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ನಾನು ತಣ್ಣೀರುಬಾವಿ ಕಡಲತೀರದ ಸೂರ್ಯಾಸ್ತ ಬಿಡಿಸಿದೆ. ಆಟಿಯಲ್ಲಿ ಮಂಗಳೂರಿಗೆ ಸೂರ್ಯನೇ ಅಪರೂಪ. ಹಾಗಾಗಿ ಮೊಬೈಲಿನಲ್ಲಿದ್ದ ಜನವರಿಯ ಫೋಟೋವನ್ನು ನೋಡಿಕೊಂಡು ಬಿಡಿಸಿದ್ದು.

ತೈಲವರ್ಣದ ತರಗತಿಗೆ ಸೇರಿ ಒಂದೂವರೆ ತಿಂಗಳಾಗಿತ್ತು. ತಳದ ಪದರಕ್ಕೆ ಟರ್ಪೆಂಟೈನ್ ಜಾಸ್ತಿ, ಮೇಲೆ ಹೋದಂತೆ ಎಣ್ಣೆ ಜಾಸ್ತಿ ಎಂದು ಮಾಸ್ಟ್ರು ಹೇಳಿಕೊಟ್ಟಿದ್ದರು. ತಳ ಮುಗಿಸಿ ಮೇಲಿನ ಪದರಕ್ಕೆ ಬಂದಾಗ ನೋಡುತ್ತೇನೆ, ಅಗಸೆ ಎಣ್ಣೆಯ ಬಾಟಲಿ ಖಾಲಿ. ಭಾನುವಾರ, ಹೊರಗೆ ಕೊಡೆ ಮುರಿಯುವ ಮಳೆ. ಅಮ್ಮ ಪತ್ರೊಡೆಗೆ ಒಗ್ಗರಣೆ ಹಾಕುತ್ತಿದ್ದರು.

“ಅಮ್ಮಾ, ಎಣ್ಣೆ ಎಂದರೆ ಎಲ್ಲವೂ ಒಂದೇ ಅಲ್ಲವಾ?”

“ಒಂದೇ ಹೇಗಾಗುತ್ತದೆ? ಇದು ಗಾಣದ್ದು, ಕಲಬೆರಕೆ ಇಲ್ಲ” ಎಂದು ಅರ್ಧ ಲೋಟ ತೆಂಗಿನೆಣ್ಣೆ ಕೊಟ್ಟರು.

ಬಣ್ಣ ಬೆಣ್ಣೆಯ ಹಾಗೆ ಹರಡಿತು. ನನ್ನ ಕಡಲಿಗೆ ಅಂಥ ಹೊಳಪು ಹಿಂದೆಂದೂ ಬಂದಿರಲಿಲ್ಲ. ಕೋಣೆಯಿಡೀ ಅಭ್ಯಂಜನದ ಪರಿಮಳ.

ವಾರ ಕಳೆಯಿತು, ಎರಡು ವಾರ ಕಳೆಯಿತು. ಬೆರಳಿಟ್ಟರೆ ಬಣ್ಣ ಬೆರಳಿಗೆ. ಚಡ್ಡಿ ಬನಿಯನ್ನೇ ಒಣಗದ ಊರಿನಲ್ಲಿ ಕಡಲು ಒಣಗಲಿಲ್ಲವೆಂದು ಕೊರಗುವುದೇ ಎಂದು ಸುಮ್ಮನಿದ್ದೆ. ಬಚ್ಚಲ ಒಲೆಯ ಹತ್ತಿರ ಇಟ್ಟೂ ನೋಡಿದೆ; ಮುಗಿಲಿಗೆ ಮಸಿ ಹಿಡಿಯಿತು ಅಷ್ಟೆ. ಕೊನೆಗೆ ಮಾಸ್ಟ್ರ ಬಳಿ ಒಯ್ದೆ. ಅವರು ಮೂಸಿದರು, ನನ್ನ ಮುಖ ನೋಡಿದರು, ಮತ್ತೆ ಮೂಸಿದರು.

“ಎಣ್ಣೆ ನೀರಿನ ಹಾಗೆ ಆವಿಯಾಗಿ ಆರುವುದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ತೆಂಗಿನೆಣ್ಣೆಗೆ ಆ ಗುಣವೇ ಇಲ್ಲ.”

“ಹಾಗಾದರೆ ಯಾವಾಗ ಒಣಗುತ್ತದೆ ಮಾಸ್ಟ್ರೇ?”

“ತಲೆಗೆ ಹಚ್ಚಿಕೊಂಡದ್ದು ಎಂದಾದರೂ ಒಣಗಿದೆಯಾ?”

ಅದೇ ವಾರ ನೆಂಟರನ್ನು ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗಿ ಹೊಟ್ಟೆ ಉರಿಸಿಕೊಂಡೆ. 1899ರ ಸುಮಾರಿಗೆ ಇಟಲಿಯ ಅಂತೋನಿಯೊ ಮೊಸ್ಕೇನಿ ಅಲ್ಲಿನ ಗೋಡೆಗಳಲ್ಲಿ ಚಿತ್ರ ಬಿಡಿಸಿದ್ದು ಹಸಿ ಸುಣ್ಣದ ಗಾರೆಯ ಮೇಲೆ. ಗಾರೆ ಆರುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕು. ಆಮೇಲೆ ಸುಣ್ಣವೇ ಗಟ್ಟಿಯಾಗುತ್ತಾ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಎಲ್ಲಿ ಒಣಗಿಬಿಡುತ್ತದೋ ಎಂಬ ಗಡಿಬಿಡಿ ಅವರದು. ನನಗೆ ಆ ಭಾಗ್ಯವೂ ಇಲ್ಲ.

ಚೌತಿಗೆ ಮನೆ ತುಂಬ ಜನ. ಗೋಡೆಗೆ ಮೊಳೆ ಹೊಡೆಯಲು ಅಮ್ಮ ಬಿಡಲಿಲ್ಲ. ಚಿತ್ರವನ್ನು ಚಾವಡಿಯ ಕುರ್ಚಿಯ ಮೇಲೆ ಒರಗಿಸಿಟ್ಟೆ. ಪಕ್ಕದ ಮನೆಯವರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, “ಬಲಗಡೆ ಹಾರುವ ಆ ಗರುಡ ಎಷ್ಟು ಚೆನ್ನಾಗಿ ಬಂದಿದೆ! ಕಾಲು ಕೂಡ ಕಾಣುತ್ತದೆ” ಎಂದರು. ನಾನು ಗರುಡನನ್ನು ಬಿಡಿಸಿರಲಿಲ್ಲ. ಅದು ಅಂಟಿಕೊಂಡು ಸತ್ತ ಸೊಳ್ಳೆ. ಇಡೀ ಚಿತ್ರದಲ್ಲಿ ಯಾರಾದರೂ ಹೊಗಳಿದ್ದು ಅದೊಂದನ್ನೇ. ನಾನೂ “ಹೌದು, ಸ್ವಲ್ಪ ಕಷ್ಟವಾಯಿತು” ಎಂದುಬಿಟ್ಟೆ.

ಊಟವಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಎರಡು ಬಗೆಯ ಪಾಯಸ ಉಂಡ ಚಿಕ್ಕಪ್ಪ ಕತ್ತಲಲ್ಲಿ ತಡವರಿಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕುಳಿತು, ಬೆನ್ನು ಆನಿಸಿ, ಅರ್ಧ ಗಂಟೆ ಗೊರಕೆ ಹೊಡೆದರು. ಬೆಳಕು ಬಂದು ಅವರು ಎದ್ದಾಗ ಸೂರ್ಯ, ಅರ್ಧ ಕಡಲು, ಗರುಡ ಎಲ್ಲವೂ ಬಿಳಿ ಜುಬ್ಬದ ಬೆನ್ನಿಗೆ ಹೋಗಿದ್ದವು.

ಮೊನ್ನೆ ಫೋನ್ ಮಾಡಿದ್ದರು. ಮೂರು ಸಲ ಒಗೆದರೂ ಹೋಗಲಿಲ್ಲವಂತೆ.

“ಒಣಗಿದೆಯಾ ಚಿಕ್ಕಪ್ಪ?” ಎಂದು ಆಸೆಯಿಂದ ಕೇಳಿದೆ.

ಫೋನ್ ಇಟ್ಟರು.