ಸಿಪ್ಪೆಗೆ ಬೆಂಕಿ, ತೋಡಿಗೆ ತುತ್ತು

ಇವತ್ತು ಬೆಳಿಗ್ಗೆ ಕಾಸರಗೋಡಿನ ಪೆರ್ಲದಿಂದ ಬರುವಾಗ ಕಂಡದ್ದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ. ಪರಿಚಯದವರ ತೋಟ. ಮಳೆ ಹಿಡಿಯುವ ಮೊದಲು ಅಡಕೆಗೆ ಮದ್ದು ಬಿಡುವ ಗಡಿಬಿಡಿ. ಅಂಗಳದ ಬದಿಯಲ್ಲಿ ಆಳೆತ್ತರದ ಅಡಕೆ ಸಿಪ್ಪೆಯ ರಾಶಿಗೆ ಬೆಂಕಿ ಹಚ್ಚಿದ್ದಾರೆ. ಇಪ್ಪತ್ತು ಹೆಜ್ಜೆ ಕೆಳಗೆ, ಮದ್ದಿಗೆ ಮೈಲುತುತ್ತು (ತಾಮ್ರದ ನೀಲಿ ಉಪ್ಪು) ಕರಗಿಸಿದ ಡ್ರಮ್ಮನ್ನು ತೋಡಿನಲ್ಲೇ, ಅಂದರೆ ಹರಿಯುವ ಹಳ್ಳದಲ್ಲೇ, ತೊಳೆಯುತ್ತಿದ್ದಾರೆ. ಕಲ್ಲಿನ ಸಂದಿಯಲ್ಲಿ ನಿಂತ ನೀರು ತೆಳು ನೀಲಿ. ಹೊಟ್ಟೆ ಉರಿದುಹೋಯಿತು.

ಆ ನೀಲಿಯನ್ನು ಹಿಡಿದಿಡುವ ವಸ್ತುವೇ ಮೇಲೆ ಉರಿಯುತ್ತಿತ್ತು, ಅಲ್ವಾ?

ಮದ್ದು ಬಿಡಬೇಡಿ ಅಂತ ನಾನು ಹೇಳುವುದಿಲ್ಲ. ಮಹಾಳಿ, ಅಂದರೆ ಅಡಕೆಯ ಕೊಳೆರೋಗ, ಬಂದರೆ ಏನಾಗುತ್ತದೆ ಅಂತ ನನ್ನ ತೋಟಕ್ಕೂ ಗೊತ್ತು. ಆದರೆ ಲೆಕ್ಕ ನೋಡಿ. ಈ ಮದ್ದಿನ ಹೆಸರು ಬೋರ್ಡೋ ದ್ರಾವಣ. 100 ಲೀಟರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ. ಆ 1 ಕಿಲೋ ತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ. ಸುಣ್ಣ ಸೇರಿದ ಮೇಲೆ ಅದು ಗಸಿಯಾಗಿ ಕೂರುತ್ತದೆ. ಸುಣ್ಣ ಸೇರದ ತುತ್ತಿನ ಡ್ರಮ್ ತೊಳೆದ ನೀರಲ್ಲಿ ಮಾತ್ರ ತಾಮ್ರ ಪೂರಾ ಕರಗಿರುತ್ತದೆ. ಮೀನಿಗೆ ಅದು ವಿಷ.

ನಾನೂ ಎಷ್ಟೋ ವರ್ಷ ತೋಡಿನಲ್ಲೇ ತೊಳೆದವನು. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ಸಂಜೆ ಮನೆಗೆ ಬಂದು ಅದೇ ಕೆಲಸ ಮಾಡುತ್ತಿದ್ದೆ. ಒಂದು ವರ್ಷ ಮೀನಿನ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ನೋಡಿ ಸುಮ್ನೆ ಬಂದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಕಳೆದ ವರ್ಷ ಮನೆಯಲ್ಲೇ ನೋಡಿದೆ. ಸಿಪ್ಪೆಯನ್ನು ಸಣ್ಣಗೆ ಕೊಚ್ಚಿ, ಕಂದು ಬಣ್ಣ ಬಿಡುವುದು ನಿಲ್ಲುವ ತನಕ ಬಿಸಿನೀರಲ್ಲಿ ತೊಳೆದು ಒಣಗಿಸಿದೆ. ಎರಡು ಗ್ಲಾಸಿನಲ್ಲಿ ತೆಳು ತುತ್ತಿನ ನೀರು. ಒಂದಕ್ಕೆ ಮಾತ್ರ ಎರಡು ಹಿಡಿ ಸಿಪ್ಪೆ. ಮರುದಿನ ಸೋಸಿ ಎರಡಕ್ಕೂ ಉಜ್ಜಿದ ಕಬ್ಬಿಣದ ಮೊಳೆ ಹಾಕಿದೆ. ಬರೀ ತುತ್ತಿನ ನೀರಿನ ಮೊಳೆ ಸ್ವಲ್ಪ ಹೊತ್ತಲ್ಲೇ ಕೆಂಪಾಯಿತು, ತಾಮ್ರ ಹತ್ತಿತು. ಇನ್ನೊಂದರ ಮೊಳೆಗೆ ಬಣ್ಣ ಬಂದದ್ದು ತುಂಬಾ ನಿಧಾನ, ತುಂಬಾ ಮಸುಕು. ಪೂರ್ತಿ ಹೋಗಲಿಲ್ಲ, ಜಾಸ್ತಿ ಪಾಲು ಹೋಯಿತು.

ಇದರಲ್ಲಿ ಮಾಯಮಂತ್ರ ಇಲ್ಲ. ನಾರಿನ ಸೆಲ್ಯುಲೋಸ್, ಲಿಗ್ನಿನ್ ಮೈಮೇಲೆ ಲೋಹವನ್ನು ಅಂಟಿಸಿಕೊಳ್ಳುವ ಜಾಗಗಳಿವೆ. ನೀರು ಜಾಸ್ತಿ ಹುಳಿಯಾಗಿದ್ದರೆ ಹಿಡಿತ ಕಡಿಮೆ. ಭತ್ತದ ಹೊಟ್ಟು, ತೆಂಗಿನ ನಾರು, ನೆಲಗಡಲೆ ಸಿಪ್ಪೆ, ಎಲ್ಲವನ್ನೂ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಹಿಡಿಯಲು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ. ನಾವು ದುಡ್ಡು ಕೊಟ್ಟು ತರುವ ಎಷ್ಟೋ ಫಿಲ್ಟರುಗಳ ಒಳಗೂ ಇರುವುದು ತೆಂಗಿನ ಗೆರಟೆಯ ಇದ್ದಿಲು. ಆ ಗೆರಟೆ ನಮ್ಮ ಅಡುಗೆಮನೆಯದು! ಇಲ್ಲಿ ಸಿಪ್ಪೆಗೆ ಮಾತ್ರ ಬೆಂಕಿ.

ಬೆಳಿಗ್ಗೆ ಇದನ್ನು ಹೇಳಿದಾಗ ಅವರು ಕೇಳಿದರು, "ತಾಮ್ರ ಹಿಡಿದ ಸಿಪ್ಪೆಯನ್ನು ಎಲ್ಲಿ ಹಾಕುವುದು ಮಾಷ್ಟ್ರೆ?" ಪ್ರಶ್ನೆ ಸರಿ. ಬುಡಕ್ಕೆ ಹಾಕಬಾರದು, ಸುಟ್ಟರೆ ತಾಮ್ರ ಬೂದಿಯಲ್ಲೇ ಉಳಿಯುತ್ತದೆ. ಆದರೆ ಒಂದು ಗೋಣಿ ಸಿಪ್ಪೆಯನ್ನು ಮಳೆ ತಾಗದ ಮೂಲೆಯಲ್ಲಿ ಕಟ್ಟಿಡಬಹುದು. ತೋಡಿಗೆ ಹೋದ ತಾಮ್ರವನ್ನು ಯಾವ ಗೋಣಿಯಲ್ಲಿ ಕಟ್ಟುವುದು? ಸಿಪ್ಪೆಯಲ್ಲಿ ಸೋಸಿದ ನೀರು ಕುಡಿಯಿರಿ ಅಂತಲೂ ನಾನು ಹೇಳುತ್ತಿಲ್ಲ. ಡ್ರಮ್ ತೊಳೆದ ನೀರು ಸಿಪ್ಪೆಯ ಗುಂಡಿ ದಾಟಿ ಹೋಗಲಿ, ಅಷ್ಟೇ.

ನಾವು ಎಂಡೋಸಲ್ಫಾನ್ ಕಂಡ ಊರಿನವರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಬಿಟ್ಟ ಆ ಕೀಟನಾಶಕ ಮೇಲಿನಿಂದ ಬಂತು, ನಮ್ಮನ್ನು ಯಾರೂ ಕೇಳಲಿಲ್ಲ. ಈ ಡ್ರಮ್ ನಮ್ಮದೇ ಕೈಯಲ್ಲಿದೆ. ಸಿಪ್ಪೆಯೂ ನಮ್ಮದೇ.

ಬೆಂಕಿ ತಾಗದ ಅರ್ಧ ರಾಶಿ ಉಳಿದಿತ್ತು. ಕೊಡ್ತೀರಾ ಅಂತ ಕೇಳಿದೆ, ಒಪ್ಪಿದರು. ನಾಳೆ ಜೀಪು ಕಳಿಸುತ್ತೇನೆ. ಅವರ ತೋಡಿನ ದಡದಲ್ಲೇ ಗುಂಡಿ ತೋಡಲು ಹಾರೆ ಹಿಡಿದು ನಾನೂ ಹೋಗುತ್ತೇನೆ.