ಡಾಗ್ ಅಲ್ಲಮ್ಮಾ, ಸೊನ್ನೆ!

ನಿನ್ನೆ ರಾತ್ರಿ ಕರೆಂಟ್ ಬಿಲ್ ಕಟ್ಟೋಣ ಅಂತ ಕೂತರೆ ಪರದೆ ಮೇಲೆ ಬಂತು: 'ಏನೋ ತೊಂದರೆಯಾಗಿದೆ.' ಏನೋ ಅಂದ್ರೆ ಏನು? ಎಲ್ಲಿ? ಜ್ವರ ಅಂತ ಹೋದವನನ್ನು ಡಾಕ್ಟರು 'ನಿಮಗೆ ಹುಷಾರಿಲ್ಲ' ಅಂತ ಹೇಳಿ ಕಳಿಸಿದ ಹಾಗಾಯಿತು.

ಸಿಟ್ಟಿಗೆ ಹಳೇ ಆಪಲ್ 2 ಕಂಪ್ಯೂಟರಿನ ಎಮ್ಯುಲೇಟರ್, ಅಂದ್ರೆ ಅದರಂತೆಯೇ ನಟಿಸುವ ಪ್ರೋಗ್ರಾಂ, ತೆರೆದೆ. 1977ರ ಯಂತ್ರ. ಅದರ ಚಿಪ್ಪಿನೊಳಗೇ ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವಾಜ್ನಿಯಾಕ್ ಬರೆದ 'ಮಾನಿಟರ್' ಇತ್ತು. ಪರದೆ ಅಲ್ಲ, ಮೆಮೊರಿಯೊಳಗೆ ಇಣುಕುವ ಪ್ರೋಗ್ರಾಂ. 'ಕಾಲ್ ಮೈನಸ್ 151' ಅಂತ ಒತ್ತಿದರೆ ಬಾಗಿಲು ತೆರೆಯುತ್ತದೆ. ಮೈನಸ್ ಯಾಕಪ್ಪಾ ಅಂದ್ರೆ, ಬಾಗಿಲು ಇರೋದು ಮೆಮೊರಿಯ 65385ನೇ ವಿಳಾಸದಲ್ಲಿ, ವಾಜ್ನಿಯಾಕರ ಬೇಸಿಕ್ ಅನ್ನೋ ಪ್ರೋಗ್ರಾಂ ಭಾಷೆಗೆ ಲೆಕ್ಕ ಬರೋದು 32767ರವರೆಗೆ ಮಾತ್ರ. ಅದಕ್ಕೇ ಒಟ್ಟು ವಿಳಾಸಗಳ ಲೆಕ್ಕವಾದ 65536ರಿಂದ ಹಿಂದಕ್ಕೆ ಎಣಿಸಿ ಹಿತ್ತಿಲಿಂದ ನುಗ್ಗೋದು! ಪ್ರೋಗ್ರಾಂ 'ಬ್ರೇಕ್' ಅನ್ನೋ ನಿಲ್ಲಿಸುವ ಆದೇಶಕ್ಕೆ ಎಡವಿ ಬಿದ್ದರೆ, ಯಾವ ವಿಳಾಸದಲ್ಲಿ ಬಿತ್ತು, ಆಗ ಎ, ಎಕ್ಸ್, ವೈ ಅನ್ನೋ ರಿಜಿಸ್ಟರುಗಳಲ್ಲಿ (ಪ್ರೊಸೆಸರಿನ ಪುಟ್ಟ ಡಬ್ಬಿಗಳಲ್ಲಿ) ಏನಿತ್ತು, ಎಲ್ಲ ಒಂದೇ ಸಾಲಲ್ಲಿ ಒಪ್ಪಿಸುತ್ತಿತ್ತು. 'ಏನೋ' ಅನ್ನೋ ಮಾತೇ ಇಲ್ಲ.

ಒಳಗೆ ಹೋದೆ, ಸರಿ. ಹೊರಗೆ ಬರೋದು? ಮೂರು, ಡಿ, ಸೊನ್ನೆ, ಜಿ: 3D0G. ಪಕ್ಕದಲ್ಲಿದ್ದ ಮಗಳು ಚೀಟಿ ನೋಡಿ "ತ್ರೀ ಡಾಗ್" ಅಂತ ಓದಿದಳು. ನನ್ನ ಬೆರಳೂ ಸೊನ್ನೆ ಬಿಟ್ಟು 'ಓ' ಒತ್ತಿತು. ಬೀಪ್!

"ರೀ, ಮೈಕ್ರೋವೇವಲ್ಲಿ ಹಾಲು ಆಯ್ತು ನೋಡಿ," ಅಡುಗೆಮನೆಯಿಂದ ಹೆಂಡತಿ.

ಮತ್ತೆ ಒತ್ತಿದೆ. ಮತ್ತೆ ಡಾಗ್. ಬೀಪ್.

"ರೀ, ಆಯ್ತಂತೆ!"

"ಡಾಗ್ ಅಲ್ಲಮ್ಮಾ, ಸೊನ್ನೆ," ಅಂತ ಮಗಳಿಗೆ ಹೇಳುತ್ತಾ ನಾನೇ ಮತ್ತೆ 'ಓ' ಒತ್ತಿದೆ. ಬೀಪ್.

"ಎಷ್ಟು ಸಲ ಬಿಸಿ ಮಾಡ್ತೀರಿ ಆ ಹಾಲನ್ನ? ಯಾವ ನಾಯಿಗೆ ಅದು?"

ಕಾಲೇಜಿನ ಲ್ಯಾಬಿನಲ್ಲಿ 8085 ಅನ್ನೋ ಪ್ರೊಸೆಸರಿನ ಕಲಿಕೆಯ ಕಿಟ್ ಮುಂದೆಯೂ ಹೀಗೇ ಕೂರುತ್ತಿದ್ದೆ. ಅದರಲ್ಲೂ ಒಂದು ಪುಟ್ಟ ಮಾನಿಟರ್. ಗೆಳೆಯ ಹಾಳೆಯಲ್ಲಿದ್ದ ಪ್ರೋಗ್ರಾಂ ಸಂಕೇತ ನೋಡಿ "ಮೂರು ಇ, ಸೊನ್ನೆ ಐದು" ಅಂತ ಓದುವನು, ನಾನು ಒಂದೊಂದೇ ಗುಂಡಿ ಒತ್ತುವವನು. ಅರ್ಧ ಗಂಟೆ ಕಷ್ಟಪಟ್ಟು ತುಂಬಿಸಿ, ಕೊನೆಗೆ 76 ಒತ್ತಿ 'ನಿಲ್ಲು' ಅನ್ನುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಎಲ್ಲ ಅಳಿಸಿ ಹೋಗುತ್ತಿತ್ತು. ಅವನು ಬೈಯದೆ, ಕರೆಂಟ್ ಬಂದ ಮೇಲೆ ಮತ್ತೆ "ಮೂರು ಇ..." ಅಂತ ಶುರು ಮಾಡುತ್ತಿದ್ದ. ಈಗ ವರ್ಷಕ್ಕೊಮ್ಮೆ ಹುಟ್ಟುಹಬ್ಬದ ಮೆಸೇಜು, ಅಷ್ಟೇ.

ಬಿಲ್ಲಾ? ಇವತ್ತು ಬೆಳಗ್ಗೆಯೂ ನೋಡಿದೆ. ಇನ್ನೂ 'ಏನೋ' ಆಗಿದೆಯಂತೆ.